ಚರ್ಚ್‌ಗೇಟ್ ಮೇಲಿಂದ ಗೋರೆಗಾಂವಿಗೆ

ಮುಂಬೈ ಲೋಕಲ್ ಟ್ರೇನಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ನಂಬಿದ್ದ ಕಾಲವದು. ಎಪ್ಪತ್ತೆರಡೋ ಎಪ್ಪತ್ತಮೂರೋ ಇರಬೇಕು. ಧಾರವಾಡ ಬಿಟ್ಟು ಬಂದು ಎಂಟು ವರ್ಷವಾಗಿತ್ತು. ಗೋರೆಗಾಂವಿನ ಚಾಳಿನ ಬಾಡಿಗೆ ಕೋಣೆಯಿಂದ ಚರ್ಚ್‌ಗೇಟಿನ ಆಫೀಸಿಗೆ ದಿನಾ ಹೋಗಿ ಬರುತ್ತಿದ್ದೆ. ಊರಿಂದ ಯಾರೇ ಬರಲಿ, ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಎಂಬ ಮೂರು ಲೈನುಗಳನ್ನು ತಾಟಿನಲ್ಲಿ ಚಟ್ನಿಯಿಂದ ಗೀಚಿ ವಿವರಿಸುತ್ತಿದ್ದೆ. "ಮೊದ್ಲ ಉಣ್ಣರಿ, ಅನ್ನ ಆರ್ತದ" ಎನ್ನುತ್ತಿದ್ದಳು ಹೆಂಡತಿ ಕುಸುಮಾ. ಪಾಪ, ತಿಳಿಯದವಳು ಎಂದುಕೊಳ್ಳುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ತಂಗಿ ಸುಮಿತ್ರಾ ನಮ್ಮ ಜೊತೆಗೇ ಇದ್ದಳು. ಅವಳ ಮದುವೆಯ ಹೊಣೆ ನನ್ನದು. ಇಪ್ಪತ್ತಾರು ಮುಗಿದಿತ್ತು. ನಾಲ್ಕು ಕಡೆ ಜಾತಕ ಕೂಡಿರಲಿಲ್ಲ. ಐದನೆಯದು ಕೂಡಿತು! ಹುಡುಗ ಪ್ರಲ್ಹಾದ, ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಮಾಸ್ತರ. ಫೋಟೋ ನೋಡಿಯೇ ಅರ್ಧ ಒಪ್ಪಿದ್ದ. ಸುಮಿತ್ರಾ ಅವನ ಫೋಟೋವನ್ನು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದಳು. ಇರುವ ಮೂರು ಮಂದಿಗೆ ದಿನಕ್ಕೆ ನಾಲ್ಕು ಸಲ ಅಕ್ಕಿ ಆರಿಸುತ್ತಿದ್ದಳು.

ಹುಡುಗನ ತಂದೆ ಗುಂಡೂರಾಯರು ರೇಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿ ರಿಟೈರ್ ಆದವರು. ತಾಯಿ ಅಂಬಕ್ಕನವರಿಗೆ ಮೊಣಕಾಲು ನೋವು. ಮೂವರೂ ದಾದರಿನ ನೆಂಟರ ಮನೆಗೆ ಬಂದಿಳಿದಿದ್ದರು. ಶುಕ್ರವಾರ ದೀಪ ಹಚ್ಚುವ ಹೊತ್ತಿಗೇ ಕನ್ಯೆಯನ್ನು ನೋಡಬೇಕೆಂದು ಅಂಬಕ್ಕನವರ ಪಣ. ಮರುದಿನ ಮುಂಜಾನೆ ವಾಪಸು ಪ್ರಯಾಣ.

"ಟ್ಯಾಕ್ಸಿ ಮಾಡ್ಕೊಂಡು ಕರ್ಕೊಂಡು ಬರ್ರಿ," ಅಂದಳು ಕುಸುಮಾ. "ಸಂಜಿ ಗದ್ದಲದಾಗ ಆ ಹಿರೇ ಮನಷ್ಯಾಳು ಲೋಕಲ್ ಹತ್ತೂದು ಹ್ಯಾಂಗ?"

"ಟ್ಯಾಕ್ಸಿ?" ನನ್ನ ಎಂಟು ವರ್ಷದ ಅನುಭವದ ಕಪಾಳಕ್ಕೆ ಹೊಡೆದಂತಾಯಿತು. "ರಾಯರು ರೇಲ್ವೆದವರು. ಅವರನ್ನ ಲೋಕಲ್‌ನಾಗನ ತರ್ತೀನಿ. ನಿಂದ್ರಿಸಿ ಅಲ್ಲ, ಕೂಡಿಸಿ ತರ್ತೀನಿ!"

"ನಿಮ್ಮ ಶಾಣ್ಯಾತನ ಇವತ್ತೊಂದು ದಿನ ಮನ್ಯಾಗಿಟ್ಟು ಹೋಗ್ರಿ."

ಇಡಲಿಲ್ಲ. ಜೊತೆಯಲ್ಲೇ ಒಯ್ದೆ.

ನನ್ನ ಉಪಾಯ ಮುಂಬೈಯಲ್ಲಿ ದಿನಾ ಓಡಾಡುವವರಿಗೆಲ್ಲ ಗೊತ್ತಿರುವುದೇ. ಸಂಜೆ ದಾದರಿನಿಂದ ಉತ್ತರಕ್ಕೆ ಹೋಗುವ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಉಲ್ಟಾ ಚರ್ಚ್‌ಗೇಟಿಗೆ ಹೋಗುವ ಗಾಡಿ ಖಾಲಿ. ಅದನ್ನು ಹತ್ತಬೇಕು, ಕೊನೆಯ ಸ್ಟೇಶನ್ನಿನಲ್ಲಿ ಇಳಿಯದೆ ಕೂತೇ ಇರಬೇಕು. ಅದೇ ಗಾಡಿ ತಿರುಗಿ ಹೊರಟಾಗ, ಉಳಿದವರು ಸೀಟಿಗಾಗಿ ಹೊಡೆದಾಡುತ್ತಿರುವಾಗ, ನಾವು ಮಹಾರಾಜರಂತೆ ಕೂತಿರುತ್ತೇವೆ.

ನನ್ನ ಹತ್ತಿರ ಗೋರೆಗಾಂವ್–ಚರ್ಚ್‌ಗೇಟ್ ಪಾಸಿತ್ತು. ದಾದರಿಗೆ ಹೋಗಿ, ಹುಡುಗನ ಕಡೆಯ ಮೂವರಿಗೂ ಅಲ್ಲಿಂದ ಗೋರೆಗಾಂವಿಗೆ ಟಿಕೆಟ್ ತೆಗೆದೆ. ಗುಂಡೂರಾಯರು ಅವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಹಿಂದೆ ಮುಂದೆ ನೋಡಿ, "ಸರಿ ಅವ" ಎಂದು ಕೋಟಿನ ಜೇಬಿಗೆ ಸೇರಿಸಿದರು.

ಗಾಡಿ ಖಾಲಿ ಬಂತು. ನಾಲ್ವರೂ ಒಂದೇ ಕಡೆ ಕೂತೆವು. ಮರೀನ್ ಲೈನ್ಸ್ ಹತ್ತಿರ ಸಮುದ್ರ ಕಂಡಾಗ ಅಂಬಕ್ಕನವರು ಕೈಮುಗಿದರು. "ಭಾಳ ಛಲೋ ವ್ಯವಸ್ಥಾ ಮಾಡೀರಿ" ಅಂದರು. ಪ್ರಲ್ಹಾದ ನನ್ನ ಕಡೆ ನೋಡಿ ನಕ್ಕ. ಒಳ್ಳೆಯ ನಗು. ಸುಮಿತ್ರಾಳ ಮದುವೆ ಆಗೇ ಹೋಯಿತು ಎಂದುಕೊಂಡೆ.

ಚರ್ಚ್‌ಗೇಟ್ ಬಂತು. ಗುಂಡೂರಾಯರು ಕಿಟಕಿಯಿಂದ ಇಣುಕಿದರು.

"ಮುಂದ ಹಳಿನ ಇಲ್ಲಲ್ರಿ! ಇದು ಗೋರೆಗಾಂವ್ ಏನು?"

"ಅಲ್ರಿ ರಾಯರ, ಇದು ಚರ್ಚ್‌ಗೇಟ್. ಗೋರೆಗಾಂವ್ ಆ ಕಡೆ. ಸೀಟಿನ ಸಲುವಾಗಿ ಈ ಕಡೆ ಬಂದೇವಿ."

ರಾಯರು ಟಿಕೆಟ್ಟುಗಳನ್ನು ಹೊರತೆಗೆದರು. "ಅಂದ್ರ ದಾದರದಿಂದ ಇಲ್ಲಿತನಕಾ ನಾವು ಮೂರೂ ಮಂದಿ ಟಿಕೆಟ್ ಇಲ್ದ ಬಂದೇವಿ?"

ಆಗ ನಾನು ಒಬ್ಬ ರಿಟೈರ್ಡ್ ಟಿಕೆಟ್ ಕಲೆಕ್ಟರಿಗೆ ಹೇಳಬಾರದ ಒಂದೇ ಒಂದು ಮಾತನ್ನು ಹೇಳಿದೆ.

"ಇಲ್ಲೆ ಯಾರೂ ಕೇಳೂದಿಲ್ಲ ಬಿಡ್ರಿ!"

ರಾಯರ ಮುಖ ಕಪ್ಪಿಟ್ಟಿತು. "ಯಾರೂ ಕೇಳೂದಿಲ್ಲ? ಮೂವತ್ತು ವರ್ಷ ನಾ ಏನು ಮಾಡ್ದೆ ಹಂಗಾದ್ರ?" ಎಂದು ಟಿಕೆಟ್ ಕಿಟಕಿಗೆ ಹೋಗಲು ಏಳಹೋದರು. ಏಳಲಾಗಲಿಲ್ಲ. ಅಷ್ಟರಲ್ಲಿ ಎರಡೂ ಬಾಗಿಲಿನಿಂದ ಇಡೀ ಮುಂಬೈ ಒಳಗೆ ನುಗ್ಗಿತ್ತು. ಯಾರದೋ ಊಟದ ಡಬ್ಬಿ ಅಂಬಕ್ಕನವರ ಮಡಿಲಿಗೆ ಬಂದು ಕೂತಿತು. ನಮ್ಮ ನಾಲ್ವರ ಮೊಣಕಾಲುಗಳ ಮೇಲೆ ಒಂದು ಬ್ರೀಫ್‌ಕೇಸ್ ಇಟ್ಟು, ನಾಲ್ಕು ಮಂದಿ ಇಸ್ಪೀಟು ಹಂಚತೊಡಗಿದರು. ಗಾಡಿ ಹೊರಟಿತು. ರಾಯರು ಮೂರು ಟಿಕೆಟ್ಟುಗಳನ್ನು ಕೆಂಡ ಹಿಡಿದವರಂತೆ ಹಿಡಿದು ಕೂತರು.

ಗಾಡಿ ನಿಲ್ಲದೆ ಚರ್ನಿ ರೋಡ್ ಸ್ಟೇಶನ್ ಹಿಂದೆ ಹೋಯಿತು. ಗ್ರಾಂಟ್ ರೋಡೂ ಹೋಯಿತು. ಇಸ್ಪೀಟಿನವನೊಬ್ಬನನ್ನು ಮೆಲ್ಲಗೆ ಕೇಳಿದೆ.

"ಭಾಯಿ, ಸ್ಲೋ ಹೈ ನಾ?"

"ವಿರಾರ್ ಫಾಸ್ಟ್."

ಬಂದ ಗಾಡಿಯೇ ತಿರುಗಿ ಹೋಗುತ್ತದೆ, ನಿಜ. ಆದರೆ ಯಾವ ಗಾಡಿಯಾಗಿ ತಿರುಗಿ ಹೋಗುತ್ತದೆ ಎಂದು ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಬೋರ್ಡು ನೋಡಬೇಕು. ನೋಡಿರಲಿಲ್ಲ! ವಿರಾರ್ ಫಾಸ್ಟ್ ಗೋರೆಗಾಂವಿನಲ್ಲಿ ನಿಲ್ಲುವುದಿಲ್ಲ. ಅದಕ್ಕೂ ಮೊದಲು ಬರುವ ಅಂಧೇರಿಯಲ್ಲೇ ಇಳಿಯಬೇಕು. ಆದರೆ ದೂರದ ವಿರಾರಿನವರಿಗೆ ಹತ್ತಿರದವರು ತಮ್ಮ ಗಾಡಿ ಹತ್ತಿದರೆ ಸಿಟ್ಟು. ಅಂಧೇರಿ ಎಂದ ಕೂಡಲೇ ಬಾಗಿಲಿನವರು ಗೋಡೆ ಕಟ್ಟಿದರು. ನಾನೊಬ್ಬನೇ ಆಗಿದ್ದರೆ ನುಗ್ಗುತ್ತಿದ್ದೆ. ಅಂಬಕ್ಕನವರ ಮೊಣಕಾಲು ಕಟ್ಟಿಕೊಂಡು ನುಗ್ಗುವುದು ಹೇಗೆ? ಅಂಧೇರಿ ಬಂತು, ಹೋಯಿತು.

ನಮ್ಮ ಚಾಳು ಹಳಿಯ ಪಕ್ಕದಲ್ಲೇ. ಹೊರಗೆ ಆಗಲೇ ದೀಪ ಹಚ್ಚುವ ಹೊತ್ತು. ಗೋರೆಗಾಂವ್ ಹತ್ತಿರವಾದಂತೆ ನಾನು ಕಿಟಕಿಗೆ ಮುಖ ಹಚ್ಚಿದೆ. ಎರಡನೆಯ ಮಾಳಿಗೆಯ ಗ್ಯಾಲರಿಯಲ್ಲಿ ಬಲ್ಬು ಉರಿಯುತ್ತಿತ್ತು. ಬಲ್ಬಿನ ಕೆಳಗೆ ಹಸಿರು ಸೀರೆ.

"ರಾಯರ! ಅದ ನಮ್ಮ ಮನಿ! ಅಕಿನ ಸುಮಿತ್ರಾ!"

ಮೂವರೂ ಒಮ್ಮೆಲೇ ತಿರುಗಿದರು. ಅವರಿಗೆ ಕಂಡದ್ದು ಮುಂದಿನ ಗಿರಣಿಯ ಗೋಡೆ. ಕನ್ಯಾ ನೋಡುವ ಕಾರ್ಯಕ್ರಮ ಅಷ್ಟಕ್ಕೆ ಸಂಪನ್ನವಾಯಿತು.

ಗೋರೆಗಾಂವ್ ದಾಟಿ ಗಾಡಿ ನಿಂತದ್ದು ಬೋರಿವಲಿಯಲ್ಲಿ; ಅಲ್ಲಿ ಇಳಿಯುವವರ ಗದ್ದಲದ ಜೊತೆ ನಾವೂ ಇಳಿದೆವು. ಬ್ರಿಜ್ಜಿನ ಮೇಲೆ ಒಬ್ಬ ಟಿಕೆಟ್ ಚೆಕರ್ ಗೋಡೆಗೆ ಒರಗಿ ಆಕಳಿಸುತ್ತ ನಿಂತಿದ್ದ. ಅವನು ನಮ್ಮನ್ನು ನೋಡಲೂ ಇಲ್ಲ. ದೇವರು ದೊಡ್ಡವನು ಎಂದುಕೊಂಡೆ. ಗುಂಡೂರಾಯರು ನೆಟ್ಟಗೆ ಅವನ ಮುಂದೆ ಹೋಗಿ ನಿಂತರು!

"ಹಮ್ ತೀನ್ ಆದ್ಮಿ ವಿದೌಟ್ ಟಿಕೆಟ್ ಹೈ," ಅಂದರು. "ದಂಡ ಹಾಕರಿ."

ಚೆಕರನಿಗೆ ಗಾಬರಿ. ಕೆಲಸಕ್ಕೆ ಸೇರಿದಾಗಿನಿಂದ ಯಾರೂ ಹಾಗೆ ಬಂದಿರಲಿಲ್ಲವೇನೋ. "ಜಾನೇ ದೋ ಕಾಕಾ, ಗಲ್ತಿ ಹೋ ಗಯಾ," ಅಂದ.

"ಜಾನೇ ದೋ? ಕಾಯ್ದೆ ಅಂದ್ರ ಏನು? ಪಾವತಿ ಬುಕ್ ನಿಕಾಲೋ!" ರಾಯರು ಹಠ ಹಿಡಿದು, ನಾನು ಪಾಕೀಟು ತೆಗೆದರೆ ಕೈ ಅಡ್ಡ ಹಿಡಿದು, ತಾವೇ ದಂಡ ಕಟ್ಟಿ, ರಸೀದಿ ಓದಿ ಮಡಚಿಕೊಂಡರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು.

"ಇವರ ಪಾಸ್ ಗೋರೆಗಾಂವ್ ತನಕಾ ಅದ. ಇವರದೂ ನೋಡ್ರಿ."

ನೋಡಿದ. ನನಗೂ ದಂಡ ಬಿತ್ತು.

ಅಂಬಕ್ಕನವರು ಬ್ರಿಜ್ಜು ಇಳಿದು ಬೆಂಚಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. "ದೀಪ ಹಚ್ಚೋ ಹೊತ್ತು ದಾಟಿತಲ್ರೀ," ಅಂದರು. ಸಿಟ್ಟಿನಿಂದಲ್ಲ, ಅಳುವ ದನಿಯಲ್ಲಿ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ರಾಯರು ತಾವೇ ಸಾಲಿನಲ್ಲಿ ನಿಂತು ಟಿಕೆಟ್ ತಂದರು. ಸ್ಲೋ ಗಾಡಿ ಬೋರಿವಲಿಯಿಂದಲೇ ಹೊರಡುವುದು. ಬೋಗಿ ಪೂರ್ತಿ ಖಾಲಿ. ಗೋರೆಗಾಂವ್ ಬಂದಾಗ ಎದ್ದು ನಿಂತೆ.

"ಇಳೀರಿ ರಾಯರ. ಸ್ಟೇಶನ್ನಿಂದ ಐದು ಮಿನಿಟು, ಅಷ್ಟ."

ರಾಯರು ಟಿಕೆಟ್ ತೋರಿಸಿದರು. "ನಮ್ಮದು ದಾದರ ತನಕಾ ಅದ. ಕೂಡಲಿಕ್ಕೆ ಜಾಗಾ ಛಲೋ ಸಿಕ್ಕದ. ನೀವು ಇಳೀರಿ."

ಇಳಿದೆ. ಗಾಡಿ ಹೊರಟಿತು. ಪ್ರಲ್ಹಾದ ಕಿಟಕಿಯಿಂದ ನಮ್ಮ ಚಾಳಿದ್ದ ದಿಕ್ಕಿಗೆ ಒಮ್ಮೆ ಕತ್ತು ಚಾಚಿ ನೋಡಿದ. ಇಂದಿಗೂ ನನ್ನನ್ನು ಚುಚ್ಚುವುದು ಅದೊಂದೇ.

ಬಾಗಿಲಲ್ಲಿ ಕುಸುಮಾ ನನ್ನ ಬೆನ್ನ ಹಿಂದೆ ಹುಡುಕಿದಳು. "ಎಲ್ಲೆ ಅವರು?"

"ದಾದರಕ್ಕ ಹೋದ್ರು."

ಒಲೆಯ ಪಕ್ಕದಲ್ಲಿ ಶಿರಾ, ಉಪ್ಪಿಟ್ಟು ಮುಚ್ಚಿಟ್ಟಿದ್ದವು. ಸುಮಿತ್ರಾ ಮುಡಿದ ಮಲ್ಲಿಗೆ ತೆಗೆದು ದೇವರ ಮುಂದಿಟ್ಟಳು. ಆಮೇಲೆ ಅಕ್ಕಿ ಡಬ್ಬಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು. ನಾಲಿಗೆ ಕಚ್ಚಿಕೊಂಡು ಸಾಯಬೇಕು ಅನ್ನಿಸಿತು ನನಗೆ. ಹುಬ್ಬಳ್ಳಿಯಿಂದ ವಾರದಲ್ಲಿ ಕಾಗದ ಬಂತು. ಕನ್ಯೆಯ ಬಗ್ಗೆ ತಮ್ಮದೇನೂ ತಕರಾರಿಲ್ಲ, ನೋಡಲು ಆಗಲಿಲ್ಲವಾದ್ದರಿಂದ. ಆದರೆ ಬೀಗತನ ಮಾಡುವ ಧೈರ್ಯವಿಲ್ಲ ಎಂದು ರಾಯರು ಬರೆದಿದ್ದರು.

ಮತ್ತೊಂದು ಜಾತಕ ಕೂಡಿ ಬರಲು ಒಂದೂವರೆ ವರ್ಷ ಹಿಡಿಯಿತು. ಬೆಳಗಾವಿಯವರು, ಭಾನುವಾರ ಬರುವವರಿದ್ದರು. ಅವರಿಗೆ ಟ್ಯಾಕ್ಸಿ ಗೊತ್ತುಮಾಡಿದ್ದು ಕುಸುಮಾ. ಆ ದಿನ ಊಟವಾದ ಕೂಡಲೇ ನನ್ನ ಚಪ್ಪಲಿಗಳನ್ನು ಬಾಗಿಲ ಹೊರಗೆ ಜೋಡಿಸಿಟ್ಟಳು.

"ನೀವು ಚರ್ಚ್‌ಗೇಟ್ ತನಕಾ ಹೋಗಿ ಬರ್ರಿ."

"ಅಪ್ಪನ ಜಾಗಾದಾಗ ನಾ ಇರಬೇಕಲ್ಲೇ?"

"ಅದಕ್ಕ ಹೇಳಾಕತ್ತೀನಿ. ಹೋಗ್ರಿ."

ಸುಮಿತ್ರಾಳ ಮುಖ ನೋಡಿದೆ. ಅವಳು ನೆಲ ನೋಡಿದಳು. ಹೋದೆ.

ಸಂಜೆ ಬಂದಾಗ ಸಕ್ಕರೆ ಹಂಚಿ, ತಾಂಬೂಲ ಕೊಟ್ಟು, ಬೀಗರು ಹೊರಟುಹೋಗಿದ್ದರು. ಮದುವೆ ನಿಶ್ಚಯವಾಗಿತ್ತು. ನಾನಿಲ್ಲದೆ! ಬಟ್ಟಲಿನ ತಳದಲ್ಲಿ ಉಳಿದಿದ್ದ ಸಕ್ಕರೆಯನ್ನು ಸುಮಿತ್ರಾ ನನ್ನ ಅಂಗೈಗೆ ಹಾಕಿದಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಅಣ್ಣಾ, ಕೂಡಲಿಕ್ಕೆ ಜಾಗಾ ಸಿಕ್ತೇನು?"

"ಸಿಕ್ತವ್ವಾ," ಅಂದೆ. "ಹೋಗ್ತಾ ಬರ್ತಾ, ಎರಡೂ ಸಲ ಕಿಟಕಿ ಕಡೆದ."