ದೊಡ್ಡಪ್ಪನ ಬೋಟಿಗೆ ಮೂಗುದಾರ

ನಮ್ಮ ದೊಡ್ಡಪ್ಪ ಮದುವೆಗೆ ಹೆಣ್ಣು ಒಪ್ಪಿದ್ದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ. ಬೋಟು ಕಟ್ಟುವ ಹಗ್ಗ ಒಪ್ಪಿದ್ದು ಐದು ತಿಂಗಳಿಗೆ! ಹೀಗೆಂದರೆ ದೊಡ್ಡಮ್ಮ ಸುಮ್ಮನಿರುವುದಿಲ್ಲ. "ಕಾಫಿನೂ ಪೂರ್ತಿ ಕುಡೀನಿಲ್ಲ ಕಣಪ್ಪ" ಎಂದು ತಿದ್ದುತ್ತಾರೆ.

ರಾಗಿ, ಹಿಪ್ಪುನೇರಳೆ, ಒಂದು ಜೊತೆ ಎತ್ತು ಇಟ್ಟುಕೊಂಡ ಮಾಗಡಿ ಕಡೆಯ ರೈತನಿಗೆ ಎಂಟು ಸೀಟಿನ ಮೋಟಾರು ಬೋಟು ಯಾಕೆ? ಊರೆಲ್ಲ ಕೇಳಿದ್ದು ಇದನ್ನೇ. ಕಾರಣವಿತ್ತು. ದೊಡ್ಡಮ್ಮನ ಅಕ್ಕನ ಊರು ಅಣೆಕಟ್ಟೆಯ ಹಿನ್ನೀರಿನ ಆಚೆ ದಡದಲ್ಲಿದೆ. ನಮ್ಮ ಹೊಲದಲ್ಲಿ ನಿಂತರೆ ಕಾಣುತ್ತದೆ. ರಸ್ತೆ ಮಾತ್ರ ಸುತ್ತಿ ಬಳಸಿ, ಗುಂಡಿಯಿಂದ ಗುಂಡಿಗೆ ಹಾರಿಕೊಂಡು ಹೋಗುತ್ತದೆ. ಸೊಂಟದ ಆಪರೇಷನ್ ಆದಮೇಲೆ ದೊಡ್ಡಮ್ಮನಿಗೆ ಡಾಕ್ಟರು "ಕುಲುಕಾಟ ಕೂಡದು" ಎಂದರು. ಆ ಅಕ್ಕನೂ ಹಾಸಿಗೆ ಹಿಡಿದಿದ್ದರು. ಅಕ್ಕತಂಗಿಯರು ಮುಖ ನೋಡಿ ಎರಡು ವರ್ಷವಾಗಿತ್ತು. ಹಾರೋಹಳ್ಳಿ ಕಡೆ ಒಂದು ರೆಸಾರ್ಟ್ ಮುಚ್ಚಿದ್ದೇ ತಡ, ದೊಡ್ಡಪ್ಪ ಅಲ್ಲಿನ ಬೋಟನ್ನು ಟ್ರಾಕ್ಟರಿಗೆ ಹೇರಿಕೊಂಡು ಬಂದರು. ಪರ್ಮಿಷನ್ನಿಗೆ ಓಡಾಡಿ ಎರಡು ಜೊತೆ ಚಪ್ಪಲಿ ಸವೆಸಿದರು.

ಬೋಟು ನೀರಿಗಿಳಿದ ದಿನ ದೊಡ್ಡಮ್ಮ ನಮ್ಮ ಹೊಲದಂಚಿನ ಕಲ್ಲುಕಟ್ಟೆಯಿಂದ ಒಂದು ಕಾಲು ಮುಂದಿಟ್ಟರು, ಬೋಟು ಹಿಂದೆ ಸರಿಯಿತು.

"ನಮ್ಮ ನಡುಮನೆ ಹಂಗೆ ನಿಂತ್ಕಂಡ್ರೆ ಹತ್ತೀನಿ. ಒಸಿ ಅಲ್ಲಾಡಿದ್ರೂ ಹತ್ತಾಕಿಲ್ಲ" ಎಂದು ಮನೆಗೆ ವಾಪಸಾದರು.

ಅಲ್ಲಿಂದ ಶುರುವಾಯಿತು ನೋಡಿ! ದೊಡ್ಡಪ್ಪನಿಗೆ ಗೊತ್ತಿದ್ದದ್ದು ಎತ್ತು. ಹಾಗಾಗಿ ಬೋಟಿನ ಮುಂದಿನ ಹಗ್ಗಕ್ಕೆ ಮೂಗುದಾರ ಎಂದೂ ಹಿಂದಿನದಕ್ಕೆ ಕಣ್ಣಿ ಎಂದೂ ನಾಮಕರಣವಾಯಿತು. ರಾಮನಗರದ ಅಂಗಡಿಯಲ್ಲಿ ಹಗ್ಗಗಳನ್ನು ಮೂಸಿದರು, ಕಚ್ಚಿದರು, ಒಂದು ತುದಿ ನನ್ನ ಕೈಗೆ ಕೊಟ್ಟು ಎಳೆದಾಡಿದರು. ಅಂಗಡಿಯವರು ತಾಳ್ಮೆಯಿಂದಲೇ ಕೇಳಿದರು:

"ಎತ್ತಿಗಾ ಯಜಮಾನ್ರೇ, ಹಸುಗಾ?"

"ಬೋಟ್‌ಗೆ."

ಅವರು ಗುದ್ದುವ ಎತ್ತಿನ ವಿಚಾರ ಕೇಳುವ ಹಾಗೆಯೇ, "ಹಾಯ್ತದಾ?" ಎಂದರು.

"ಕಟ್ಟೆ ಕಂಡ್ರೆ ಸಾಕು, ಹಾಯ್ತದೆ."

ಇಬ್ಬರಿಗೂ ಪೂರ್ತಿ ಅರ್ಥವಾಯಿತು!

ನೈಲಾನ್ ಹಗ್ಗ ಎಳೆದರೆ ಸ್ವಲ್ಪ ಹಿಗ್ಗುತ್ತದೆ. ದೊಡ್ಡಪ್ಪನಿಗೆ ಅದು ನಡತೆಗೆಟ್ಟ ಲಕ್ಷಣ. "ಎಳೆದಾಗ ಉದ್ದ ಆಗೋದು ಹಗ್ಗ ಅಲ್ಲ ಕಣ್ಲಾ, ರಬ್ಬರು" ಎಂದು ತೆಂಗಿನ ನಾರಿನ ಹಗ್ಗವನ್ನೇ ತಂದರು. ಲಾಳ ಹೊಡೆಯಲು ಕೆಡವಿದ ಎತ್ತಿನ ಹಾಗೆ ಬೋಟನ್ನು ಅಲುಗದಂತೆ ಬಿಗಿದರು. ವಾರದೊಳಗೆ ಅಣೆಕಟ್ಟೆಯವರು ನಾಲೆಗೆ ನೀರು ಬಿಟ್ಟರು. ಹಿನ್ನೀರು ಒಂದು ಮೊಳ ಇಳಿಯಿತು. ಬೆಳಿಗ್ಗೆ ಹೋಗಿ ನೋಡುತ್ತೇವೆ, ಬೋಟು ಒಂದು ಮಗ್ಗುಲಲ್ಲಿ ಕಟ್ಟೆಗೆ ನೇತುಬಿದ್ದಿದೆ!

ದೊಡ್ಡಮ್ಮನೇ ಬಂದು ಕಂಡು, "ಕರ ಕಟ್ಟೋವಾಗ ತಲೆ ಬಗ್ಸೋಷ್ಟು ಹಗ್ಗ ಬುಡಾಕಿಲ್ವಾ? ಇದಕ್ಕೂ ಹಂಗೇ ಬುಡಿ" ಎಂದರು. ಮಾರನೇ ದಿನ ನೈಲಾನ್ ಹಗ್ಗ ಬಂತು. ರಬ್ಬರಿನ ಮಾತು ಮತ್ತೆ ಬರಲಿಲ್ಲ.

ಇನ್ನು ಫೆಂಡರ್. ಬೋಟು ಕಟ್ಟೆಗೆ ಗುದ್ದದಂತೆ ನಡುವೆ ಇಳಿಬಿಡುವ ಗಾಳಿ ತುಂಬಿದ ದಿಂಬು ಅದು. ದೊಡ್ಡಪ್ಪ ಮೊದಲು ಸ್ಕೂಟರ್ ಟೈರು ಕಟ್ಟಿದರು. ಬಿಳಿ ಬೋಟಿನ ಕೆನ್ನೆಗೆಲ್ಲ ಮಸಿ. ಆಮೇಲೆ ಬೂರುಗದ ಹತ್ತಿಯ ದಿಂಬುಗಳು. ಹೊಟ್ಟೆ ತುಂಬ ನೀರು ಕುಡಿದು ಜೋತುಬಿದ್ದವು. ಮನೆಯಲ್ಲಿ ದಿಂಬಿಗಾಗಿ ಹುಡುಕಾಟ ನಡೆದಾಗ ದೊಡ್ಡಪ್ಪ ಕಳೆ ಕೀಳಲು ಹೋಗಿದ್ದರು, ಬೆಳೆಯೇ ಇಲ್ಲದ ಹೊಲಕ್ಕೆ! ಕೊನೆಗೆ ಓದಿದವನೆಂಬ ಜಂಬದಲ್ಲಿ ನಾನೇ ಫೋನಿನಲ್ಲಿ ಫೆಂಡರ್ ಎಂದು ಹುಡುಕಿ ಆರ್ಡರ್ ಮಾಡಿದೆ. ಬಂದದ್ದು ಬೈಕಿನ ಮಡ್‌ಗಾರ್ಡು, ಅದಕ್ಕೂ ಫೆಂಡರ್ ಎಂದೇ ಹೆಸರಂತೆ! ದೊಡ್ಡಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ಲಾ, ನೀರಲ್ಲೂ ಕೆಸರು ಹಾರ್ತದಾ?" ಎಂದರು.

ಅಸಲಿ ಫೆಂಡರುಗಳು ಮಂಗಳೂರಿನಿಂದ ಬಂದವು. ದೊಡ್ಡಪ್ಪ ಜಗಲಿಯಲ್ಲಿ ಇಟ್ಟು ಒಂದೊಂದರ ಮೇಲೂ ಕೂತು ನೋಡಿದರು. ಯಾವುದೂ ಪುಸ್ ಅನ್ನಲಿಲ್ಲ. ಎಲ್ಲವೂ ಪಾಸು!

ಹೊರಡುವ ದಿನ ದೊಡ್ಡಪ್ಪ ಇಸ್ತ್ರಿ ಪಂಚೆ ಉಟ್ಟು ಬಂದರು. ಹಗ್ಗ ಸರಿ, ಫೆಂಡರ್ ಸರಿ, ಇಂಜಿನ್ ಬಳಿ ನಾನು. ದೊಡ್ಡಮ್ಮ ಕಾಲೆತ್ತಿದರು. ಅದೇ ಹೊತ್ತಿಗೆ ಗಾಳಿ ಬೀಸಿ, ಕಟ್ಟೆಗೂ ಬೋಟಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿತು. ಎತ್ತಿದ ಕಾಲು ಹಾಗೇ ಹಿಂದಕ್ಕೆ ಹೋಯಿತು. ಅವರು ಆಚೆ ದಡದ ಕಡೆ ನೋಡಿದರು. "ಆಗಾಕಿಲ್ಲ ಬುಡಿ. ನನಗೆ ಅಕ್ಕನ ಮುಖ ನೋಡೋ ಯೋಗ ಇಲ್ಲ" ಎಂದರು.

ದೊಡ್ಡಪ್ಪ ಇಸ್ತ್ರಿ ಪಂಚೆಯಲ್ಲೇ ನೀರಿಗಿಳಿದರು. ಎದೆಮಟ್ಟ ನೀರಿನಲ್ಲಿ ಕಟ್ಟೆಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಬೋಟಿನ ಅಂಚು ಹಿಡಿದು ನಿಂತರು. ಬೋಟಿಗೂ ಕಟ್ಟೆಗೂ ನಡುವೆ ಬೆರಳು ಕೂಡ ಇಡಬಾರದೆಂದು ಐದು ತಿಂಗಳಿಂದ ನನಗೆ ಪಾಠ ಹೇಳಿದವರು ಇವರೇ! ಬೋಟು ನಿಂತಿತು. ದೊಡ್ಡಮ್ಮ ಅವರ ತಲೆಯ ಮೇಲೆ ಕೈಯೂರಿ ಕಾಲಿಟ್ಟರು, ಕೂತರು.

ದೊಡ್ಡಪ್ಪ ಹತ್ತಿ ಬಂದಮೇಲೆ ದೊಡ್ಡಮ್ಮ ಸೆರಗಿನಿಂದ ಅವರ ಮುಖ ಒರೆಸಿದರು. ನನ್ನ ಕಣ್ಣು ತುಂಬಿ ದಾರಿಯೇ ಮಸುಕಾಯಿತು. ಅರ್ಧ ನೀರು ದಾಟಿದಾಗ ದೊಡ್ಡಮ್ಮನಿಗೆ ಮತ್ತೆ ಚಿಂತೆ ಹತ್ತಿತು.

"ಅಲ್ಲಾ, ಆ ಕಡೆ ಇಳಿಯೋವಾಗ ಏನ್ರೀ ಮಾಡೋದು?"

ದೊಡ್ಡಪ್ಪ ಪಂಚೆ ಹಿಂಡುವುದನ್ನು ನಿಲ್ಲಿಸಿದರು.

"ಹೆಂಗೂ ನೆಂದಿವ್ನಲ್ಲ" ಎಂದರು.