ಬಸ್ಸಿಗೆ ನಾನು ಕಲಿಸಿದ ಕನ್ನಡ

ಕಂಪ್ಯೂಟರಿಗೆ ಮಾತು ಕಲಿಸುವುದು ಮಹಾ ಕಷ್ಟವೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ನಾನು ಆ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಎಂಬತ್ತೆಂಟನೇ ಇಸವಿ ಇರಬೇಕು. ಎಂಬತ್ತೊಂಬತ್ತು ಎಂದು ಹೆಂಡತಿ ವಿಮಲಾ ತಿದ್ದುತ್ತಾಳೆ. ಅವಳಿಗೆ ಮರೆಯದಿರಲು ಕಾರಣವಿದೆ.

ನಾನು ಮುಂಬಯಿಯ ದಾದರಿನಲ್ಲಿ, ಹುಬ್ಬಳ್ಳಿಗೆ ಬಸ್ಸು ಓಡಿಸುವ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್. ಬೊರಿವಲಿ ಕೌಂಟರಿನವರು ಸೀಟು ಕೇಳಿದರೆ ಆ ಕೋರಿಕೆ ಟೆಲಿಫೋನ್ ತಂತಿಯ ಮೇಲೆ ದಾದರಿನ ದೊಡ್ಡ ಕಂಪ್ಯೂಟರಿಗೆ ಬರುತ್ತಿತ್ತು. ಅದು ಸೀಟು ಬರೆದುಕೊಂಡು ಉತ್ತರ ಕಳಿಸಬೇಕು. ಸೀಟು ಮುಗಿದಿದ್ದರೆ, ಇನ್ನೇನೋ ಎಡವಟ್ಟಾದರೆ, ಅದನ್ನೂ ತಿಳಿಸಬೇಕು. ಉತ್ತರಕ್ಕಿದ್ದದ್ದು ನಾಲ್ಕೇ ಇಂಗ್ಲಿಷ್ ಅಕ್ಷರಗಳ ಜಾಗ. ಹುಬ್ಬಳ್ಳಿ ಬಸ್ಸು ಕನ್ನಡದಲ್ಲೇ ಮಾತಾಡಲಿ ಎಂಬ ಅಭಿಮಾನದಿಂದ, ಸೀಟು ಸಿಕ್ಕರೆ ‘ಸರಿ’ ಎಂದೆ: ಎಸ್, ಎ, ಆರ್, ಐ. ದೋಷವಿದ್ದರೆ ‘ತಪ್ಪು’. ಕೊನೆಯ ‘ಯು’ಗೆ ಜಾಗ ಸಾಲದೆ ಅದು ಟಿ, ಎ, ಪಿ, ಪಿ ಎಂದು ಮೊಟಕಾಯಿತು. ಪರೀಕ್ಷೆ ಮಾಡಿದವನೂ ನಾನೇ, ಪಾಸಾದವನೂ ನಾನೇ!

ಬೊರಿವಲಿಯ ಮೊದಲ ಗಿರಾಕಿ ವಿಮಲಾ. ಭಾನುವಾರ ಹುಬ್ಬಳ್ಳಿಯಲ್ಲಿ ಅವಳ ತಂಗಿಯ ಮದುವೆ. ಶನಿವಾರ ಸಂಜೆಯ ಬಸ್ಸಿಗೆ ನಮಗಿಬ್ಬರಿಗೂ ಸೀಟು ಬೇಕಿತ್ತು.

ಕೌಂಟರಿನ ಶಿಂದೆಬಾಯಿಗೆ ಕನ್ನಡ ಬಾರದೆಂಬ ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಪರದೆಯ ಮೇಲಿನ ‘ಸರಿ’ಯನ್ನು ಆಕೆ ‘ಸಾರಿ’ ಎಂದು ಓದಿದರು. ಕಂಪ್ಯೂಟರ್ ಕ್ಷಮೆ ಕೇಳುತ್ತಿದೆ, ಪಾಪ, ಎಂದು ಕೋರಿಕೆಯನ್ನು ಮತ್ತೆ ಕಳಿಸಿದರು. ಮತ್ತೆ ಸಾರಿ. ಇಪ್ಪತ್ತು ಸಲ ಕ್ಷಮೆ ಕೇಳುವಷ್ಟರಲ್ಲಿ, ಸಲಕ್ಕೆ ಎರಡರಂತೆ, ಬಸ್ಸಿನ ನಲವತ್ತು ಸೀಟೂ ವಿಮಲಾಳ ಹೆಸರಿಗಾಗಿತ್ತು. ಇಪ್ಪತ್ತೊಂದನೆಯ ಸಲ, ಸೀಟು ಮುಗಿದಿದ್ದರಿಂದ, ನನ್ನ ಮೊಟಕು ‘ತಪ್ಪು’ ಕಾಣಿಸಿಕೊಂಡಿತು. ಮರಾಠಿಯಲ್ಲಿ ‘ಠಪ್ಪಾ’ ಎಂದರೆ ಮೊಹರು. ಆಕೆ ನಿಟ್ಟುಸಿರುಬಿಟ್ಟು ಟಿಕೆಟ್ಟಿಗೆ ಮೊಹರು ಒತ್ತಿದರು. ಅದೇ ಬಸ್ಸಿಗೆ ಆಮೇಲೆ ಬಂದ ಮೂವತ್ತೊಂಬತ್ತು ಜನಕ್ಕೂ ಮೊದಲ ಸಲವೇ ಠಪ್ಪಾ. ಕೌಂಟರ್ ಏನು ಚುರುಕಾಗಿದೆ ಎಂದು ಮಾಲೀಕರು ನನಗೆ ಚಹಾ ಕುಡಿಸಿದರು.

ಶನಿವಾರ ದಾದರಿನಲ್ಲಿ ಕಂಡಕ್ಟರ್ ಬಸ್ಸಿನ ಬಾಗಿಲಿಗೆ ಅಡ್ಡ ನಿಂತ. “ಪಟ್ಟಿಯಾಗ ವಿಮಲಾ ಬಿಟ್ರ ಬ್ಯಾರೆ ಮನಷ್ಯಾರ ಇಲ್ರಿ” ಎಂದ. ಇಡೀ ಬಸ್ಸನ್ನು ನುಂಗಿದ ಹೆಂಗಸು ಯಾರೆಂದು ಜನ ಹುಡುಕತೊಡಗಿದರು. ಇತ್ಯರ್ಥವಾಗದೆ ಬಸ್ಸು ಬಿಡುವುದಿಲ್ಲವೆಂದ ಡ್ರೈವರ್ ಕೆಳಗಿಳಿದು ಬೀಡಿ ಹಚ್ಚಿದ. ಮುಹೂರ್ತ ತಪ್ಪುವುದು ಖಾತ್ರಿಯೆನಿಸಿತು. ದೋಷ ನಿರ್ವಹಣೆಯ ತತ್ವವನ್ನು ನಾನು ಸಾರ್ವಜನಿಕರಿಗೆ ವಿವರಿಸಲು ಹೊರಟೆ.

“ನೀವು ಸುಮ್ಮಕಿರ್ರಿ” ಎಂದು ವಿಮಲಾ ಪಟ್ಟಿ ಕಿತ್ತುಕೊಂಡಳು. “ಸೀಟೆಲ್ಲಾ ನನ್ನ ಹೆಸರಿಗೇ ಅದಾವಲ್ರಿ? ಹಂಗಾರ ನಾ ಕರದವರು ಕುಂದರ್ತಾರ.”

ಮುದುಕರನ್ನು ಕರೆದಳು, ಮಕ್ಕಳ ತಾಯಂದಿರನ್ನು ಕರೆದಳು, ಆಗಷ್ಟೇ ತನ್ನನ್ನು ಬೈದವನನ್ನೂ ಕರೆದಳು. ಕೊನೆಗೆ ಕಿಟಕಿಯ ಪಕ್ಕ ತಾನು ಕೂತಳು. ನಲವತ್ತು ಭರ್ತಿ.

ಕಂಡಕ್ಟರ್ ನನ್ನನ್ನು ತೋರಿಸಿ, ಇವರೊಬ್ಬರು ಉಳಿದರಲ್ಲ ಎಂದ.

“ಅವರನ್ನ ನಾ ಕರದಿಲ್ಲ.”

ಬಸ್ಸು ಹೊರಟಿತು. ಮುಹೂರ್ತಕ್ಕೆ ಮೊದಲೇ ತಲುಪಿದಳಂತೆ. ಅಳಿಯ ಎಲ್ಲಿ ಎಂದವರಿಗೆಲ್ಲ, ಮುಂಬಯಿಯ ಕಂಪ್ಯೂಟರ್ ಅವರಿಲ್ಲದೆ ನಡೆಯುವುದೇ ಇಲ್ಲ ಎಂದು ಹೇಳಿದಳಂತೆ. ಆ ಹೊತ್ತಿಗೆ ನಾನು ಬೊರಿವಲಿಯ ನಮ್ಮ ಅಡುಗೆಮನೆಯಲ್ಲಿ ಸೀದ ಉಪ್ಪಿಟ್ಟಿನ ಬಾಣಲೆ ಕೆರೆಯುತ್ತಿದ್ದೆ.