ಹೊಳಿವಾಡಿಯ ಒಂಟೆ ನಂಬರ್ ಒಂದು

ಕಾಗವಾಡ ತಾಲೂಕಿನ ಹೊಳಿವಾಡಿ ಗ್ರಾಮವು ಮರುಭೂಮಿಯಲ್ಲಿದೆ. ಇದರಲ್ಲಿ ಚರ್ಚೆಗೆ ಆಸ್ಪದವಿಲ್ಲ; ಸರಕಾರಿ ಆದೇಶವಿದೆ, ಆದೇಶಕ್ಕೆ ದುಂಡು ಮೊಹರೂ ಇದೆ. ಊರಿನ ಮೂರು ಕಡೆ ಕಬ್ಬು, ನಾಲ್ಕನೆಯ ಕಡೆ ಕೃಷ್ಣಾ ನದಿ ಇರುವುದು ನಿಜ. ಮಹಾಪೂರ ಬಂದ ವರ್ಷ ಮರುಭೂಮಿಯ ಜನರನ್ನು ದೋಣಿಯಲ್ಲಿ ಕೂರಿಸಿ ಶಿರಗುಪ್ಪಿಗೆ ಸಾಗಿಸುವುದೂ ನಿಜ. ಆದರೆ ಕೆಲವು ವರ್ಷಗಳ ಹಿಂದೆ ಮರುಭೂಮಿ ಅಭಿವೃದ್ಧಿಗೆಂದು ದೊಡ್ಡ ಅನುದಾನ ಬಂದಾಗ ಪಟ್ಟಿಯಲ್ಲಿ ಒಂದು ಊರಿನ ಜಾಗ ಖಾಲಿ ಉಳಿದಿತ್ತು. ಆಗಿನ ಪುಢಾರಿಯೊಬ್ಬರು ಅಲ್ಲಿ ಹೊಳಿವಾಡಿಯ ಹೆಸರು ಬರೆಸಿದರು. ಅನುದಾನ ಅವರ ಮನೆಗೆ ಹೋಯಿತು, ಮರುಭೂಮಿ ಊರಿಗೆ ಉಳಿಯಿತು.

ಈ ಊರಿನ ಲಗಮಣ್ಣ ಸೊಳ್ಳೆ ಹಿಡಿಯುವ ನೌಕರ. ಬೆಳಗಿನ ಜಾವ ಗೋಡೆಯ ಮೇಲೆ ಹೊಟ್ಟೆ ತುಂಬಿಸಿಕೊಂಡು ಕೂತ ಸೊಳ್ಳೆಯನ್ನು ಗಾಜಿನ ಕೊಳವೆಯಿಂದ ಹೀರಿ ಡಬ್ಬಿಗೆ ಹಾಕುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಾನೆ. ಕತ್ತಲಲ್ಲಿ ಗುಂಯ್ ಎಂದರೆ ಸಾಕು, ಇದು ಚರಂಡಿಯದೋ ಹೂವಿನ ಕುಂಡದ್ದೋ ಎಂದು ಹೇಳಬಲ್ಲ. ಈ ಭಾದ್ರಪದದಲ್ಲಿ ಅವನ ಕೈಗೆ ಚಿಕ್ಕೋಡಿಯ ಮರುಭೂಮಿ ಸೊಳ್ಳೆ ಆಹಾರ ಸಮೀಕ್ಷಾ ಘಟಕದಿಂದ ಒಂದು ಸುತ್ತೋಲೆ ಬಂತು.

‘ಮರುಭೂಮಿ ಪ್ರದೇಶದ ಸೊಳ್ಳೆಗಳು ಯಾವ ಯಾವ ಪಕ್ಷಿ ಹಾಗೂ ಸಸ್ತನಿಗಳ ರಕ್ತವನ್ನು ಸೇವಿಸುತ್ತವೆ ಎಂಬುದನ್ನು ಅರಿಯತಕ್ಕದ್ದು. ಅರ್ಹ ಪಕ್ಷಿ-ಸಸ್ತನಿಗಳ ಪಟ್ಟಿ ಲಗತ್ತಿಸಿದೆ. ಅರ್ಹ ಪ್ರಾಣಿಯನ್ನು ಸೊಳ್ಳೆ ಕಚ್ಚಿರುವುದು ರುಜುವಾತಾದ ಓಣಿಗೆ ಮಾತ್ರ ಹೊಗೆ ಯಂತ್ರವನ್ನು ಕಳಿಸತಕ್ಕದ್ದು. ಪಟ್ಟಿಯಲ್ಲಿಲ್ಲದ ಪ್ರಾಣಿಯನ್ನು ಕಚ್ಚಿದ ಸೊಳ್ಳೆಯ ಬಗ್ಗೆ ಇಲಾಖೆ ಜವಾಬ್ದಾರವಲ್ಲ.’

ಪಟ್ಟಿಯಲ್ಲಿ ಒಂಟೆ ಇತ್ತು, ಚಿಂಕಾರ ಇತ್ತು, ಮರುಭೂಮಿ ನರಿ, ಮರಳುಬೆಕ್ಕು, ಎರೆಭೂತ ಹಕ್ಕಿ, ರಣಹದ್ದು ಎಲ್ಲ ಇದ್ದವು. ಎಮ್ಮೆ ಇರಲಿಲ್ಲ, ಅದು ನೀರಿನಲ್ಲಿ ಬೀಳುವ ಪ್ರಾಣಿ. ಮನುಷ್ಯ ಇರಲಿಲ್ಲ. ಅದಕ್ಕೆ ಕಾರಣವನ್ನೇನೂ ಕೊಟ್ಟಿರಲಿಲ್ಲ.

ಲಗಮಣ್ಣನಿಗೆ ಒಂಟೆಯೂ ಬೇಕಿರಲಿಲ್ಲ, ಎರೆಭೂತವೂ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಹೊಗೆ ಯಂತ್ರ. ಅವನ ಓಣಿಯಲ್ಲಿ ಒಂಬತ್ತು ಮಂದಿ ಡೆಂಗಿ ಜ್ವರದಲ್ಲಿ ಮಲಗಿದ್ದರು, ಇಬ್ಬರು ಆಗಲೇ ಮಿರಜಿನ ದವಾಖಾನೆ ಸೇರಿದ್ದರು, ಅವನ ಹೆಂಡತಿ ರುಕ್ಮವ್ವ ಆರು ದಿನದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಊರಿನ ಸೊಳ್ಳೆಯನ್ನೆಲ್ಲ ಹಿಡಿದವನ ಮನೆಯಲ್ಲೇ ಸೊಳ್ಳೆ ಈ ಕೆಲಸ ಮಾಡಿತಲ್ಲ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು. ಮೂವತ್ತು ವರ್ಷ ಬಾಯಿ ಮುಚ್ಚದೆ ಬೈದವಳು ಈಗ ಸುಮ್ಮನೆ ಮಲಗಿದ್ದಳು, ಅದನ್ನೇ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಅವನು ತನ್ನ ಓಣಿಯಿಂದ ಅರವತ್ತು ಸೊಳ್ಳೆ ಹಿಡಿದು ಕಳಿಸಿದ. ಪ್ರಯೋಗಾಲಯದ ವರದಿ ನಾಲ್ಕೇ ದಿನದಲ್ಲಿ ಬಂತು: ‘ಅರ್ಹ ಪ್ರಾಣಿಯ ರಕ್ತ ಕಂಡುಬಂದಿಲ್ಲ. ಅರವತ್ತೂ ಸೊಳ್ಳೆಗಳು ಏನನ್ನೂ ಸೇವಿಸಿಲ್ಲವೆಂದು ಪರಿಗಣಿಸಲಾಗಿದೆ.’

ವರದಿ ಹಿಡಿದು ಅವನು ಚಿಕ್ಕೋಡಿಗೆ ಹೋದ. ಘಟಕದ ಅಧಿಕಾರಿ ಶ್ರೇಣಿಕ ಸಾಹೇಬರು ಸಜ್ಜನರು, ಲಂಚ ಮುಟ್ಟುವವರಲ್ಲ, ನಿಯಮ ದಾಟುವವರೂ ಅಲ್ಲ. ಜೈನರ ದಶಲಕ್ಷಣ ಪರ್ವದ ದಿನಗಳಾದ್ದರಿಂದ ಉಪವಾಸವಿದ್ದರು. ಕೈಮೇಲೆ ಕೂತ ಸೊಳ್ಳೆಯನ್ನು ಮೆಲ್ಲಗೆ ಊದಿ ಹಾರಿಸಿ, ವರದಿಯನ್ನು ಎರಡು ಸಲ ಓದಿದರು. ಅರವತ್ತು ಸೊಳ್ಳೆ ಏನೂ ತಿನ್ನದೆ ಇದ್ದವೆಂದು ತಿಳಿದು ಅವರ ಮುಖದಲ್ಲಿ ಗೌರವ ಮೂಡಿತು.

“ಇಂಥಾ ದಿನದಾಗ ಅವೂ ಉಪಾಸ ಅದಾವಂದ್ರ ನಾವು ಹೊಗಿ ಹಾಕೂದು ಸರಿ ಅಲ್ಲ, ಲಗಮಣ್ಣ.”

“ಉಪಾಸ ಇಲ್ರಿ ಸಾಹೇಬ್ರ. ನನ್ನ ಹೇಣ್ತಿನ್ನ ಕಡದಾವ್ರಿ. ಆಕಿ ಏಳವಲ್ಲಳ್ರಿ.”

ಸಾಹೇಬರು ಮರುಗಿದರು. ನಿಜವಾಗಿಯೂ ಮರುಗಿದರು, ಪಟ್ಟಿಯನ್ನು ಲಗಮಣ್ಣನ ಕಡೆ ತಿರುಗಿಸಿ, “ಆಕಿ ಯಾವ ಕಾಲಂದಾಗ ಬರ್ತಾಳ, ನೀವ ತೋರಸ್ರಿ, ನಾ ಈಗ ಸಹಿ ಮಾಡ್ತೀನಿ” ಎಂದರು. ಲಗಮಣ್ಣ ಒಂಟೆಯಿಂದ ರಣಹದ್ದಿನವರೆಗೆ ಬೆರಳಾಡಿಸಿದ. ರುಕ್ಮವ್ವ ಎಲ್ಲಿಯೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಹೇಳುತ್ತಿದ್ದರು. ಆ ಕಾಲದಲ್ಲಿ ಎಮ್ಮೆಯಾದರೂ ಪಟ್ಟಿಯಲ್ಲಿತ್ತು.

ಹೊರಗೆ ಗುಮಾಸ್ತ ಬಾಳಾಸಾಬ ಚಹಾ ಕುಡಿಯುತ್ತಿದ್ದ. ಅವನೇ ಲಗಮಣ್ಣನಿಗೆ ದಾರಿ ತೋರಿಸಿದ್ದು. ಪ್ರಯೋಗಾಲಯದವರು ಒಂಟೆ ಕಂಡವರಲ್ಲ, ಅವರ ಹತ್ತಿರ ಒಂಟೆಯ ರಕ್ತವೂ ಇಲ್ಲ. ಆಯಾ ಊರಿನ ಪ್ರಾಣಿಯ ಒಂದು ಹನಿ ರಕ್ತವನ್ನು ನೌಕರರೇ ನಮೂನೆಯೆಂದು ಕಳಿಸಬೇಕು, ಸೊಳ್ಳೆಯ ಹೊಟ್ಟೆಯಲ್ಲಿರುವುದು ಅದಕ್ಕೆ ತಾಳೆಯಾದರೆ ಆಯಿತು. ಶೀಶೆಯ ಮೇಲೆ ಚೀಟಿ ಅಂಟಿಸುವವರು ಯಾರು? ಲಗಮಣ್ಣನೇ.

“ನಾ ಏನೂ ಹೇಳಿಲ್ಲ ಮತ್ತ,” ಎಂದು ಬಾಳಾಸಾಬ ಕಪ್ಪಿನಲ್ಲಿ ಉಳಿದ ಚಹಾವನ್ನು ಬಸಿಗೆ ಸುರಿದುಕೊಂಡ.

ಆ ಸಂಜೆ ಲಗಮಣ್ಣ ಹೆಂಡತಿಯ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೆದ. ಇಪ್ಪತ್ತಾರು ವರ್ಷ ಒಂದು ಸೊಳ್ಳೆಯ ಲೆಕ್ಕವನ್ನೂ ಸುಳ್ಳು ಬರೆಯದ ಕೈ ಅವನದು; ಚೀಟಿಯ ಮೇಲೆ ‘ಒಂಟೆ, ಹೆಣ್ಣು, ವಯಸ್ಸು ನಲವತ್ತೆಂಟು’ ಎಂದು ಅದೇ ಕೈ ಬರೆಯಿತು. ವಿಷಯ ತಿಳಿಸಿದಾಗ ರುಕ್ಮವ್ವ ಹತ್ತು ದಿನದ ಮೇಲೆ ಮೊದಲ ಸಲ ಕಣ್ಣು ತೆರೆದಳು. ಒಂಟೆಯಾದರೂ ಅಡ್ಡಿಯಿಲ್ಲ, ಆದರೆ ವಯಸ್ಸು ಎರಡು ವರ್ಷ ಹೆಚ್ಚಿಗೆ ಯಾಕೆ ಬರೆದಿರಿ ಎಂದು ಕೇಳಿದಳು. ಬೈಗುಳ ಕೇಳಿ ಲಗಮಣ್ಣನಿಗೆ ಜೀವ ಬಂದಂತಾಯಿತು.

ವರದಿ ಬಂತು. ಈ ಸಲ ಅರವತ್ತರಲ್ಲಿ ಐವತ್ತೊಂದು ಸೊಳ್ಳೆ ಒಂಟೆಯನ್ನು ಕಚ್ಚಿದ್ದು ರುಜುವಾತಾಗಿತ್ತು. ಮರುದಿನವೇ ಹೊಗೆ ಯಂತ್ರ ಬಂದು ಓಣಿಯನ್ನೆಲ್ಲ ಹೊಗೆಯಲ್ಲಿ ಮುಳುಗಿಸಿತು. ಹದಿನೈದು ದಿನದಲ್ಲಿ ರುಕ್ಮವ್ವ ಎದ್ದು ರೊಟ್ಟಿ ಬಡಿದಳು.

ಮುಂದಿನದು ಹೇಳಬೇಕಿಲ್ಲ. ಪಕ್ಕದ ಓಣಿಯವರು ಬೆರಳು ಚಾಚಿಕೊಂಡು ಬಂದರು. ಮಾಜಿ ಮೆಂಬರ್ ಗುರಪ್ಪ ತನ್ನ ಮನೆಯ ಹನ್ನೊಂದು ಜನರನ್ನೂ ಒಂಟೆ ಮಾಡಿಸಿದ, ಸಾಲದ್ದಕ್ಕೆ ತನ್ನನ್ನು ಒಂಟೆಗಳ ಪೈಕಿ ಮೊದಲ ನಂಬರಿಗೆ ಹಾಕಬೇಕೆಂದು ಹಟ ಹಿಡಿದ. ಮೊದಲ ನಂಬರ್ ರುಕ್ಮವ್ವನದು, ಅದು ಬದಲಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಹೊಳಿವಾಡಿಯಲ್ಲಿ ಎರಡು ಸಾವಿರದ ನಾಲ್ಕುನೂರಾ ಹನ್ನೆರಡು ಒಂಟೆಗಳಾದವು.

ಇಷ್ಟು ಒಂಟೆ ಒಂದೇ ಊರಲ್ಲಿ ಇರುವುದನ್ನು ಕಂಡು ಮೇಲಿನವರಿಗೆ ಸಂತೋಷವಾಗಿ ಪರಿಶೀಲನಾ ತಂಡವೊಂದು ಬಂತು. ಲಗಮಣ್ಣ ನೌಕರಿ ಹೋಯಿತು ಎಂದೇ ಅಂದುಕೊಂಡ. ಊರವರೆಲ್ಲ ತೊಳೆದ ಬಟ್ಟೆ ಉಟ್ಟು ಗ್ರಾಮ ಪಂಚಾಯ್ತಿಯ ಮುಂದೆ ಸಾಲಾಗಿ ನಿಂತರು. ತಂಡದ ಮುಖ್ಯಸ್ಥರು ಸಾಲನ್ನು ಒಮ್ಮೆ ನೋಡಿದರು, ಪಟ್ಟಿಯನ್ನು ಒಮ್ಮೆ ನೋಡಿದರು. ಎರಡೂ ಕಡೆ ಸಂಖ್ಯೆ ಒಂದೇ ಇತ್ತು. ಕಬ್ಬಿನ ಹಾಲು ಕುಡಿದು ಅವರು ಬರೆದರು: ‘ಈ ಭಾಗದ ಒಂಟೆಗಳು ಎರಡು ಕಾಲಿನ ಮೇಲೆ ನಡೆಯುತ್ತವೆ. ಡುಬ್ಬ ಇಲ್ಲ. ಗಡಿ ಪ್ರದೇಶವಾದ್ದರಿಂದ ಕನ್ನಡ ಹಾಗೂ ಮರಾಠಿ ಎರಡೂ ಮಾತನಾಡುತ್ತವೆ. ತೃಪ್ತಿಕರ.’

ವರದಿಯ ಬೆನ್ನಿಗೇ ಆದೇಶ ಹೊರಟಿತು. ಒಂಟೆಯು ಹದಿನೈದು ದಿನ ನೀರಿಲ್ಲದೆ ಇರಬಲ್ಲದು, ಆದಕಾರಣ ಹೊಳಿವಾಡಿಗೆ ಇನ್ನು ಹದಿನೈದು ದಿನಕ್ಕೊಮ್ಮೆ ನಳದ ನೀರು ಬಿಡತಕ್ಕದ್ದು. ಊರಲ್ಲಿ ಗಲಾಟೆಯಾಗಬಹುದೆಂದು ಪೊಲೀಸರನ್ನೂ ಕಳಿಸಿದ್ದರು. ಏನೂ ಆಗಲಿಲ್ಲ. ಅದಕ್ಕೂ ಮೊದಲು ನೀರು ಬರುತ್ತಿದ್ದದ್ದು ಹದಿನೆಂಟು ದಿನಕ್ಕೊಮ್ಮೆ. ಹೆಂಗಸರು ಹೊಸ ವ್ಯವಸ್ಥೆಗಾಗಿ ಪೊಲೀಸರಿಗೇ ಸಕ್ಕರೆ ಹಂಚಿದರು.

ಮಾಗಿಯಲ್ಲಿ ರುಕ್ಮವ್ವನಿಗೆ ಮತ್ತೆ ಮೈ ಬಿಸಿಯಾಯಿತು. ಲಗಮಣ್ಣ ಅವಳನ್ನು ಸರಕಾರಿ ದವಾಖಾನೆಗೆ ಕರೆದೊಯ್ದ. ಕೌಂಟರಿನಲ್ಲಿದ್ದ ಪೂನಮ ಎಂಬ ಹುಡುಗಿ ಕಂಪ್ಯೂಟರ್ ನೋಡಿ, ಹೊಳಿವಾಡಿಯಲ್ಲಿ ಮನುಷ್ಯರಿಲ್ಲವೆಂದು ಬರುತ್ತಿದೆ, ದನದ ದವಾಖಾನೆಗೆ ಹೋಗಿ ಎಂದಳು. ಲಗಮಣ್ಣನಿಗೆ ತಾನು ಬರೆದ ಚೀಟಿ ತನ್ನವಳನ್ನೇ ಬಾಗಿಲ ಹೊರಗೆ ನಿಲ್ಲಿಸಿತಲ್ಲ ಎಂದು ಅಳು ಬಂತು. ತಪ್ಪೊಪ್ಪಿಕೊಂಡು ಬಿಡುತ್ತೇನೆ, ನೌಕರಿ ಹೋದರೆ ಹೋಗಲಿ ಎಂದ. ರುಕ್ಮವ್ವ ಅವನ ರಟ್ಟೆ ಹಿಡಿದು ದನದ ದವಾಖಾನೆಯ ಕಡೆ ನಡೆಸಿದಳು.

ಅಲ್ಲಿ ಡಾಕ್ಟರರು ಇದ್ದರು. ಕುರ್ಚಿಯ ಮೇಲೆಯೇ ಇದ್ದರು. ಔಷಧ ಇತ್ತು, ಪುಕ್ಕಟೆ ಇತ್ತು. ಬೆಂಚಿನ ಮೇಲೆ ಹೊಳಿವಾಡಿಯ ಅರ್ಧ ಊರೇ ಕೂತಿತ್ತು, ಗುರಪ್ಪ ಆಗಲೇ ಬಾಯಿ ತೆರೆದು ಹಲ್ಲು ತೋರಿಸುತ್ತಿದ್ದ. ಹತ್ತು ನಿಮಿಷವೂ ಆಗಿರಲಿಲ್ಲ, ಕಂಪೌಂಡರ್ ಹೊರಗೆ ಬಂದು, “ಒಂಟಿ ನಂಬರ ಒಂದ, ಬರ್ರಿ” ಎಂದು ಕೂಗಿದ.

ರುಕ್ಮವ್ವ ಎದ್ದು ಸೆರಗು ಸರಿಮಾಡಿಕೊಂಡಳು. ಕಣ್ಣೊರೆಸಿಕೊಳ್ಳುತ್ತಿದ್ದ ಗಂಡನ ಕೈಗೆ ಚೀಲ ಕೊಟ್ಟು ಹೇಳಿದಳು:

“ಅಳಬ್ಯಾಡ್ರಿ. ಮನಷ್ಯಾಳ ಇದ್ದಾಗ ನನ್ನ ಪಾಳಿ ಇಷ್ಟ ಲಗೂನ ಎಂದೂ ಬಂದಿದ್ದಿಲ್ಲ.”